ಬೆಳಗಿನ ಪಾಳಿಯಲ್ಲಿ ಬೀಳುವ ಬ್ರೇಕರ್

ಸಾಬೂನು ಕಾರ್ಖಾನೆಯ ಎಲೆಕ್ಟ್ರಿಷಿಯನ್‌ನನ್ನು ಬೆನ್ನ ಹಿಂದೆ ಎಲ್ಲರೂ ಟ್ರಿಪ್ಪಣ್ಣ ಎಂದೇ ಕರೆಯುತ್ತಿದ್ದರು. ಸ್ವಲ್ಪ ಭಾರ ಹೆಚ್ಚಾದರೆ ಸಾಕು, ಬ್ರೇಕರ್ ಟ್ರಿಪ್ ಆಗುವ ಹಾಗೆ ಮನುಷ್ಯ ಟಪ್ಪೆಂದು ಬಿದ್ದುಹೋಗುತ್ತಾನೆ, ಆಮೇಲೆ ತಣ್ಣಗಾಗುವವರೆಗೆ ಹತ್ತಿರ ಸುಳಿಯುವ ಹಾಗಿಲ್ಲ ಎಂಬುದು ಆ ಹೆಸರಿನ ಅರ್ಥ. ಹೆಸರು ಅವನ ಕಿವಿಗೂ ಬಿದ್ದಿತ್ತು. ಇಟ್ಟವರು ಯಾರೆಂದು ಹುಡುಕುವ ಗೋಜಿಗೆ ಅವನು ಹೋಗಲಿಲ್ಲ. ಪ್ಯಾಕಿಂಗ್ ವಿಭಾಗದ ಹೆಂಗಸರೇ ಇಟ್ಟಿರಬೇಕು ಎಂದು ತೀರ್ಮಾನಿಸಿ, ಅವರೆಲ್ಲರ ಮೇಲೂ ಒಟ್ಟಿಗೆ ಹಲ್ಲು ಮಸೆಯುತ್ತಿದ್ದ. ಆ ಹೆಂಗಸರಲ್ಲಿ ಒಬ್ಬಳು ಅವನ ಹೆಂಡತಿ.

ಅವಳನ್ನು ಅಲ್ಲಿ ಕೆಲಸಕ್ಕೆ ಸೇರಿಸಿದವನೂ ಅವನೇ. ಮೊದಮೊದಲು ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದರು. ಅದೆಲ್ಲ ಕೆಟ್ಟದ್ದು ಬೆಲ್ಟಿನ ಪಕ್ಕದ ಕೆಂಪು ಹಗ್ಗದಿಂದ. ಅಚ್ಚಿನ ಯಂತ್ರದಿಂದ ಬಿದ್ದ ಸಾಬೂನು ಒಂದು ಉದ್ದನೆಯ ಬೆಲ್ಟಿನ ಮೇಲೆ ಸಾಗಿ ಬರುತ್ತದೆ. ಹೆಂಗಸರು ಎರಡೂ ಬದಿಗೆ ನಿಂತು ಅದನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಾರೆ. ಏನಾದರೂ ಅನಾಹುತವಾದರೆ ಬೆಲ್ಟು ನಿಲ್ಲಿಸಲೆಂದು ಅದರ ಉದ್ದಕ್ಕೂ ಆ ಹಗ್ಗವಿದೆ. ಒಂದು ದಿನ ಹೆಂಡತಿಯ ಪಕ್ಕ ನಿಲ್ಲುತ್ತಿದ್ದ ಗೆಳತಿಯ ಕೈ ರೋಲರಿಗೆ ಸಿಕ್ಕಿತು. ಹಗ್ಗ ಎಳೆದೆ, ಬೆಲ್ಟು ನಿಲ್ಲಲಿಲ್ಲ ಎಂದಳು ಆ ಗೆಳತಿ. ಅವಳ ಎರಡು ಬೆರಳು ಹೋದವು. ವಿಚಾರಣೆಯಲ್ಲಿ ಇವನನ್ನು ಕರೆದು ಕೇಳಿದರು. ಅಂದು ಬೆಳಿಗ್ಗೆ ತಾನೇ ಎಳೆದು ನೋಡಿದ್ದೆ, ಹಗ್ಗ ಸರಿಯಾಗಿತ್ತು ಎಂದು ಇವನು ಹೇಳಿದ. ಹೇಳಿದ್ದು ನಿಜವೇ. ಆ ಒಂದು ಮಾತನ್ನು ಹಿಡಿದುಕೊಂಡು ಕಂಪನಿಯವರು ತಪ್ಪೆಲ್ಲ ಅವಳದೇ ಎಂದು ಬರೆದು, ಬರಿಗೈಯಲ್ಲಿ ಮನೆಗೆ ಕಳಿಸಿದರು.

ಅಂದಿನಿಂದ ಹೆಂಡತಿ ಅವನೊಡನೆ ಮಾತು ಬಿಟ್ಟಳು. ಸ್ಕೂಟರು ಬಿಟ್ಟು ನಡೆದೇ ಹೋಗತೊಡಗಿದಳು. ಕಾರ್ಖಾನೆಯಲ್ಲಿ ಎದುರಾದರೆ ಗೋಡೆಯನ್ನು ನೋಡಿದ ಹಾಗೆ ಅವನನ್ನು ನೋಡಿ ಮುಂದೆ ಹೋಗುತ್ತಿದ್ದಳು. ಅವನೂ ಸೋಲಲಿಲ್ಲ. ನಿಜ ಹೇಳಿದವನು ನಾನು, ಮೊದಲು ಮಾತಾಡಬೇಕಾದವಳು ಅವಳು ಎಂದು ಪಟ್ಟು ಹಿಡಿದ. ಮನೆಯಲ್ಲಿ ಹೇಳಲೇಬೇಕಾದ ಮಾತುಗಳೆಲ್ಲ ಅವನ ತಾಯಿಯ ಮೂಲಕ ಹೋಗಿ ಬರುತ್ತಿದ್ದವು. ಮುದುಕಿಗೆ ಒಂದು ಕಿವಿ ಪೂರ್ತಿ ಮಂದ, ಇನ್ನೊಂದು ಮನಸ್ಸಿದ್ದರೆ ಮಾತ್ರ ಕೇಳುವ ಕಿವಿ. ಊಟ ಬಡಿಸಿದೆ ಎಂದು ಹೇಳಿ ಅತ್ತೆ ಎಂದು ಸೊಸೆ ಅಂದರೆ, ಬಂದು ತಿಂದರೆ ತಿನ್ನಬೇಕಂತೆ, ಇಲ್ಲದಿದ್ದರೆ ಇಲ್ಲವಂತೆ ಎಂದು ಮಗನಿಗೆ ಮುಟ್ಟುತ್ತಿತ್ತು. ಒಗ್ಗರಣೆ ಎಷ್ಟು ಬೀಳಬೇಕೆಂಬುದು ಆ ದಿನ ಮುದುಕಿಗೆ ಯಾರ ಮೇಲೆ ಸಿಟ್ಟಿದೆ ಎಂಬುದರ ಮೇಲೆ ನಿಂತಿರುತ್ತಿತ್ತು.

ಹೀಗಿರುವಾಗ ಬೆಲ್ಟಿನ ಮೋಟರಿನ ಬ್ರೇಕರ್ ಬೀಳಲು ಶುರುವಾಯಿತು.

ಮೊದಲ ಸಲ ಬಿದ್ದಾಗ ಅವನು ಹೋಗಿ, ತಣ್ಣಗಾಗಲು ಬಿಟ್ಟು, ಮತ್ತೆ ಎತ್ತಿ ಬಂದ. ಮರುದಿನವೂ ಬಿತ್ತು. ಅದರ ಮರುದಿನ ಎರಡು ಸಲ ಬಿತ್ತು. ಬೆಲ್ಟು ನಿಂತರೆ ಹಿಂದಿನ ಅಚ್ಚಿನ ಯಂತ್ರವೂ ನಿಲ್ಲಬೇಕು. ಮೇನೇಜರ್ ಓಡಿ ಬಂದು, ನಿನಗೆ ಸಂಬಳ ಕೊಡುವುದು ಆ ಡಬ್ಬಿಯ ಮುಂದೆ ನಿಂತು ಧ್ಯಾನ ಮಾಡುವುದಕ್ಕಲ್ಲ ಎಂದು ಹೆಂಗಸರೆಲ್ಲರ ಎದುರಿಗೆ ಅಂದ. ಹೆಂಗಸರು ಪೆಟ್ಟಿಗೆಗಳ ಮೇಲೆ ಕೂತು ಕಾಲು ನೀವಿಕೊಳ್ಳುತ್ತ ನಕ್ಕರು. ನಗದಿದ್ದವಳು ಹೆಂಡತಿ ಒಬ್ಬಳೇ. ಅವಳು ನಕ್ಕಿದ್ದರೆ ಅವನಿಗೆ ಅಷ್ಟು ಉರಿಯುತ್ತಿರಲಿಲ್ಲ.

ಕೋಪ ಎಷ್ಟೇ ಇದ್ದರೂ ಕೆಲಸದಲ್ಲಿ ಅವನು ಅವಸರದವನಲ್ಲ. ಬ್ರೇಕರ್ ಹಾಕಿದ ಕೂಡಲೇ ಬೀಳುತ್ತದೆಯೋ, ಓಡಿ ಓಡಿ ಆಮೇಲೆ ಬೀಳುತ್ತದೆಯೋ ಎಂಬುದು ಅವನು ಕೇಳಿಕೊಂಡ ಮೊದಲ ಪ್ರಶ್ನೆ. ಹಾಕಿದ ಕೂಡಲೇ ಬಿದ್ದರೆ ಎಲ್ಲೋ ವೈರು ಸುಟ್ಟು ಒಂದಕ್ಕೊಂದು ತಗುಲಿದೆ, ಇಲ್ಲವೇ ಮೋಟರಿನ ಮೈಗೆ ಕರೆಂಟು ಸೋರುತ್ತಿದೆ. ಇದು ಹಾಗಲ್ಲ. ಪಾಳಿ ಶುರುವಾಗಿ ಎಷ್ಟೋ ಹೊತ್ತಿನ ಮೇಲೆ ಬೀಳುತ್ತಿತ್ತು. ಎಂದರೆ ಮೋಟರು ತನ್ನ ಶಕ್ತಿ ಮೀರಿ ಏನನ್ನೋ ಎಳೆಯುತ್ತಿದೆ, ಹೆಚ್ಚು ಕರೆಂಟು ಹರಿದು ಬ್ರೇಕರಿನ ಒಳಗಿನ ಲೋಹದ ಪಟ್ಟಿ ನಿಧಾನವಾಗಿ ಬಿಸಿಯಾಗಿ ಬಾಗಿ, ಕೊಂಡಿ ಕಳಚುತ್ತಿದೆ. ಸ್ಕ್ರೂ ಸಡಿಲವಿದ್ದರೂ ಅದೇ ಬಿಸಿ ಬರುವುದುಂಟು. ಪ್ಯಾನೆಲ್ ತೆಗೆದು ಒಂದೊಂದು ಸ್ಕ್ರೂವನ್ನೂ ಬಿಗಿ ಮಾಡಿದ. ಎಲ್ಲವೂ ಬಿಗಿಯಾಗಿಯೇ ಇದ್ದವು. ಬ್ರೇಕರೇ ಮುದಿಯಾಗಿದೆಯೇನೋ ಎಂದು ಪಕ್ಕದ ಪ್ಯಾನೆಲ್ಲಿನಿಂದ ಅಂಥದೇ ಇನ್ನೊಂದನ್ನು ತಂದು ಹಾಕಿದ. ಅದೂ ಬಿತ್ತು. ಬಿಚ್ಚಿದ್ದನ್ನು ಪಕ್ಕದ ಪ್ಯಾನೆಲ್ಲಿಗೆ ಹಾಕಿದರೆ ಅಲ್ಲಿ ಗಟ್ಟಿಯಾಗಿ ನಿಂತಿತು.

ಮೂರು ಫೇಸಿಗೂ ಕರೆಂಟು ಸಮನಾಗಿ ಬರುತ್ತಿತ್ತು. ರಜೆಯ ದಿನ ಬಂದು ಬೆಲ್ಟು ಕಳಚಿ ಮೋಟರಿನ ಶಾಫ್ಟನ್ನು ಕೈಯಲ್ಲಿ ತಿರುಗಿಸಿದ. ಬೆಣ್ಣೆಯ ಹಾಗೆ ತಿರುಗಿತು. ಬೇರಿಂಗಿಗೆ ಸ್ಕ್ರೂಡ್ರೈವರ್ ಆನಿಸಿ ಅದರ ಹಿಡಿಗೆ ಕಿವಿ ಕೊಟ್ಟ, ಸದ್ದಿಲ್ಲ. ಒಳಗಿನ ತಂತಿಯ ಸುರುಳಿಯಿಂದ ಮೋಟರಿನ ಮೈಗೆ ಸೋರಿಕೆಯಿದೆಯೇ ಎಂದು ಮೆಗ್ಗರ್ ಹಚ್ಚಿ ಹಿಡಿ ತಿರುಗಿಸಿದ. ಮುಳ್ಳು ತುದಿಗೆ ಹೋಗಿ ಕೂತಿತು, ಸೋರಿಕೆಯಿಲ್ಲ. ಎಲ್ಲ ನೆಟ್ಟಗಿದೆ. ಆದರೂ ಬೀಳುತ್ತದೆ. ಹೇಳಿದ್ದೆಲ್ಲ ಕೇಳಿಕೊಂಡು ತಾವು ಮಾಡಿದ್ದೇನೂ ಇಲ್ಲವೆಂಬಂತೆ ಮುಖ ಮಾಡುವ ಮನುಷ್ಯರ ಹಾಗೆ ಆ ಮೋಟರು ಅವನಿಗೆ ಕಂಡಿತು.

ಕೊನೆಗೆ ಹರಿಯುವ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರನ್ನು ವೈರಿಗೆ ಕಚ್ಚಿಸಿ, ಪ್ಯಾನೆಲ್ ಮುಂದೆ ಸ್ಟೂಲ್ ಹಾಕಿಕೊಂಡು, ಬೆಳಗಿನ ಪಾಳಿ ಪೂರ್ತಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ. ಕರೆಂಟು ಒಂದೇ ಸಮ ಹರಿಯಿತು. ಬ್ರೇಕರ್ ಬೀಳಲಿಲ್ಲ. ಮರುದಿನವೂ ಕೂತ, ಬೀಳಲಿಲ್ಲ. ಚಹಾ ಕುಡಿದು ಬರೋಣವೆಂದು ಎದ್ದು ಹೋಗಿದ್ದಾಗ ಬಿತ್ತು.

ಚಹಾದ ಲೋಟ ಕೈಯಲ್ಲೇ ಹಿಡಿದು ಅವನು ಅಲ್ಲಿಯೇ ನಿಂತ. ಆಗ ಹೊಳೆಯಿತು, ಮಧ್ಯಾಹ್ನದ ಪಾಳಿಯಲ್ಲಿ ಇದು ಒಂದು ದಿನವೂ ಬಿದ್ದಿಲ್ಲ. ಅದೇ ಮೋಟರು, ಅದೇ ಬೆಲ್ಟು, ಅದೇ ಸಾಬೂನು. ಬೇರೆ ಇರುವುದು ಜನ ಮಾತ್ರ.

ಮರುದಿನ ಅವನು ಮೀಟರನ್ನು ಅತಿ ಹೆಚ್ಚಿನ ಅಳತೆ ಹಿಡಿದಿಟ್ಟುಕೊಳ್ಳುವ ಹಾಗೆ ಒತ್ತಿ, ವೈರಿಗೆ ಕಚ್ಚಿಸಿ, ಪ್ಯಾನೆಲ್ ಬಾಗಿಲು ಮುಚ್ಚಿ, ಎಲ್ಲರಿಗೂ ಕಾಣುವಂತೆ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಬೆಲ್ಟು ನಿಂತಿತು. ಬಂದು ನೋಡಿದರೆ ಮೀಟರು ಮಾಮೂಲಿನ ಒಂದೂವರೆ ಪಟ್ಟಿಗಿಂತ ಸ್ವಲ್ಪ ಮೇಲೆ ತೋರಿಸುತ್ತಿತ್ತು. ಯಾರೋ ಬೆಲ್ಟನ್ನು ಹಿಡಿದಿದ್ದಾರೆ. ಪಾಳಿ ಬದಲಾಗುವ ಹೊತ್ತಿಗೆ, ಬೆಳಗಿನವರೆಲ್ಲ ಹೋದ ಮೇಲೆ ಮಂಡಿಯೂರಿ ಬೆಲ್ಟಿನ ತುದಿಯ ಡ್ರಮ್ಮಿನ ಕೆಳಗೆ ಟಾರ್ಚ್ ಬಿಟ್ಟ. ತಗಡಿನ ಹಿಂದೆ ಒಂದು ಮರದ ತುಂಡು ಸಿಕ್ಕಿಸಿತ್ತು. ಸಾಮಾನು ಇಡುವ ಹಲಗೆಯಿಂದ ಮುರಿದದ್ದು, ಒಂದು ಮಗ್ಗುಲು ಉಜ್ಜಿ ಉಜ್ಜಿ ಕರ್ರಗೆ ನುಣುಪಾಗಿತ್ತು. ಮೂಗಿನ ಹತ್ತಿರ ಹಿಡಿದರೆ ಸುಟ್ಟ ರಬ್ಬರಿನ ವಾಸನೆ.

ಡ್ರಮ್ಮಿನ ಪಕ್ಕ ನಿಲ್ಲುವವಳು ಅವನ ಹೆಂಡತಿ.

ಅವಳು ನಿಲ್ಲುವ ಜಾಗ ಅದು ಎಂಬುದರಿಂದ ಮಾತ್ರವೇ ಅವನಿಗೆ ಗೊತ್ತಾಗಿದ್ದಲ್ಲ. ತಿಳಿಯದವರು ಮರವನ್ನು ಗಬಕ್ಕನೆ ತುರುಕುತ್ತಿದ್ದರು. ಬೆಲ್ಟು ಕಿತ್ತು ಹೋಗಿ ಅಂದೇ ಸಿಕ್ಕಿಬೀಳುತ್ತಿದ್ದರು. ಇದು ಡ್ರಮ್ಮಿಗೆ ಮೆಲ್ಲಗೆ ಒತ್ತಿ, ಪಟ್ಟಿ ಬಿಸಿಯಾಗುವವರೆಗೆ ತಾಳ್ಮೆಯಿಂದ ಕಾದ ಕೈ. ಮದುವೆಯಾದ ಹೊಸದರಲ್ಲಿ ಮನೆಯ ನೀರಿನ ಮೋಟರಿನ ಬ್ರೇಕರ್ ಬಿದ್ದಾಗ, ಅವಳ ಎದುರಿಗೆ ಜಂಬ ಕೊಚ್ಚಿಕೊಳ್ಳಲೆಂದು, ಹಳೆಯದೊಂದನ್ನು ಬಿಚ್ಚಿ ಒಳಗಿನ ಪಟ್ಟಿ ತೋರಿಸಿ, ಇದು ಹೇಗೆ ಬಾಗುತ್ತದೆ, ಬಿದ್ದ ಮೇಲೆ ತಣ್ಣಗಾಗುವವರೆಗೆ ಯಾಕೆ ಏಳುವುದಿಲ್ಲ ಎಂದೆಲ್ಲ ವಿವರಿಸಿದವನು ಅವನೇ. ಅವಳು ಗಲ್ಲಕ್ಕೆ ಕೈಯಾನಿಸಿ ಕೇಳಿದ್ದಳು. ಕೇಳಿಸಿಕೊಂಡದ್ದನ್ನು ಮರೆಯುವವರ ಪೈಕಿ ಅಲ್ಲ ಅವಳು.

ತುಂಡನ್ನು ಇದ್ದಲ್ಲೇ ಇಟ್ಟು ಅವನು ಎದ್ದ. ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ದಿನ ಮೇನೇಜರನ ಬಾಯಿಂದ ಅನ್ನಿಸಿಕೊಂಡದ್ದು, ರಜೆಯ ದಿನ ಗ್ರೀಸಿನಲ್ಲಿ ಹೊರಳಾಡಿದ್ದು, ಎಲ್ಲವೂ ಮನೆಯವಳ ಕೈಯಿಂದ ಬಂದದ್ದು. ತನ್ನನ್ನು ನಗೆಪಾಟಲು ಮಾಡಲೆಂದೇ ಮಾಡಿದ್ದಾಳೆ ಎಂದು ಅವನಿಗೆ ಅನ್ನಿಸಿತು. ಬೇರೆ ಕಾರಣ ಇರಬಹುದೆಂದು ಆಗ ತೋಚಲಿಲ್ಲ.

ಮೇನೇಜರ್ ಅಂದೇ ಸಂಜೆ ಕರೆದು, ಇನ್ನು ಹುಡುಕುವುದು ಸಾಕು, ಅದಕ್ಕಿಂತ ದೊಡ್ಡ ಬ್ರೇಕರ್ ಹಾಕಿಬಿಡು ಎಂದ. ಹಾಕಿದರೆ ಬ್ರೇಕರ್ ಉಳಿಯುತ್ತದೆ, ಮೋಟರು ಸುಡುತ್ತದೆ ಎಂದು ಇವನು ಹೇಳಿದ. ಸುಡುವಾಗ ನೋಡಿಕೊಳ್ಳೋಣ ಎಂದ ಮೇನೇಜರ್. ಬೇರೆ ದಿನವಾಗಿದ್ದರೆ ಇವನು ಟಪ್ಪೆಂದು ಬಿದ್ದು, ಸ್ಕ್ರೂಡ್ರೈವರ್ ಮೇಜಿನ ಮೇಲೆ ಎಸೆದು ಬರುತ್ತಿದ್ದ. ಅಂದು ಮಾತ್ರ ನೆಟ್ಟಗೆ ಹೋಗಿ ದೊಡ್ಡದನ್ನು ಹಾಕಿದ. ಒತ್ತಲಿ, ಎಷ್ಟು ಒತ್ತುತ್ತಾಳೋ ಒತ್ತಲಿ ಎಂಬ ಹಟ ಒಳಗೇ ಇತ್ತು.

ಮನೆಗೆ ಬಂದ ಮೇಲೆ ಆ ಹಟ ಸ್ವಲ್ಪ ಇಳಿಯಿತು. ಸುಡುವ ಮೋಟರಿನ ಹತ್ತಿರ ನಿಲ್ಲುವುದು ಒಳ್ಳೆಯದಲ್ಲ. ತಾಯಿಯನ್ನು ಕರೆದು, ನಾಳೆಯಿಂದ ಆ ಬೆಲ್ಟು ನಿಲ್ಲುವುದಿಲ್ಲ, ಸುಮ್ಮನೆ ಅಲ್ಲಿ ಕೈ ಹಾಕಬೇಡ ಎಂದು ಅವಳಿಗೆ ಹೇಳು ಎಂದ. ಮುದುಕಿ ಒಳಗೆ ಹೋಗಿ ಹೇಳಿ ಬಂದಳು. ಒಳಗಿನಿಂದ ಪಾತ್ರೆಗಳ ಸದ್ದು ಜೋರಾಯಿತು.

ಮರುದಿನ ಬೆಳಗಿನ ಪಾಳಿಯಲ್ಲಿ ಅವನು ಬಾಯ್ಲರಿನ ಹತ್ತಿರ ದೀಪ ಸರಿಮಾಡುತ್ತಿದ್ದಾಗ ವಾಸನೆ ಬಂತು. ಕಾರ್ಖಾನೆಯ ತುಂಬ ಸಾಬೂನಿನ ಘಮ. ಅದನ್ನು ಸೀಳಿಕೊಂಡು ಬಂದ, ಮೋಟರಿನ ಸುರುಳಿಗೆ ಬಳಿದ ವಾರ್ನಿಶು ಸುಟ್ಟ ಘಾಟನ್ನು ಅವನ ಮೂಗು ಎಲ್ಲಿದ್ದರೂ ಹಿಡಿಯುತ್ತಿತ್ತು. ಏಣಿಯಿಂದ ಹಾರಿ ಓಡಿದ. ಪ್ಯಾಕಿಂಗ್ ವಿಭಾಗದಲ್ಲಿ ಹೆಂಗಸರೆಲ್ಲ ಮುಖಕ್ಕೆ ಸೆರಗು ಮುಚ್ಚಿಕೊಂಡು ದೂರದ ಗೋಡೆಗೆ ಸರಿದಿದ್ದರು. ಮೋಟರಿನ ಹಿಂಬದಿಯಿಂದ ಬಿಳಿ ಹೊಗೆ ಏಳುತ್ತಿತ್ತು. ಮೇನ್ ಸ್ವಿಚ್ಚನ್ನು ಎಳೆದು ಹಾಕಿ ತಿರುಗಿದರೆ, ಹೆಂಡತಿ ಇನ್ನೂ ಡ್ರಮ್ಮಿನ ಪಕ್ಕದಲ್ಲೇ ನಿಂತಿದ್ದಳು. ಮರದ ತುಂಡು ಅವಳ ಕೈಯಲ್ಲಿತ್ತು. ಬಚ್ಚಿಡಬೇಕೆಂಬುದೂ ತೋಚದೆ, ಬ್ರೇಕರಿನ ಡಬ್ಬಿಯತ್ತಲೇ ನೋಡುತ್ತಿದ್ದಳು. ನಂಬಿದವರು ಕೈಕೊಟ್ಟ ಹಾಗಿತ್ತು ಆ ನೋಟ.

ಮೇನೇಜರನ ಬೂಟಿನ ಸದ್ದು ಮೆಟ್ಟಿಲಿನ ಮೇಲೆ ಕೇಳಿಸಿತು. ಅವನು ಹೋಗಿ ಆ ತುಂಡನ್ನು ಅವಳ ಕೈಯಿಂದ ಕಿತ್ತುಕೊಂಡು ತನ್ನ ಚೀಲದೊಳಗೆ ಹಾಕಿಕೊಂಡ. ಯಾಕೆಂದು ಅವನಿಗೇ ಗೊತ್ತಿರಲಿಲ್ಲ.

ಮೋಟರು ಹೊಸ ತಂತಿಯ ಸುರುಳಿ ಸುತ್ತಿಸಲು ಹೋಯಿತು. ಅದು ಬರುವವರೆಗೆ ಪ್ಯಾಕಿಂಗಿನವರು ಬರುವುದು ಬೇಡ, ಕೂಲಿಯೂ ಇಲ್ಲ ಎಂದರು. ಎಲೆಕ್ಟ್ರಿಷಿಯನ್ ತಪ್ಪು ಬ್ರೇಕರ್ ಹಾಕಿ ಸುಟ್ಟ ಎಂಬ ಸುದ್ದಿಯನ್ನು ಮೇನೇಜರ್ ಗೇಟಿನ ಹತ್ತಿರವೇ ಹಬ್ಬಿಸಿದ. ಹೆಂಗಸರು ಇವನು ಹೊರಗೆ ಹೋಗುವಾಗ ಇವನಿಗೆ ಕೇಳುವ ಹಾಗೆ, ಹೆಸರು ಹಿಡಿಯದೆ, ಬಾಯಿಗೆ ಬಂದದ್ದೆಲ್ಲ ಅಂದರು.

ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಅತ್ತೆಯನ್ನು ದಾಟಿ ನೇರವಾಗಿ ಅವನ ಎದುರಿಗೆ ಬಂದು ನಿಂತಳು.

"ಆ ತುಂಡು ಎಲ್ಲಿ?"

"ಬಾಯ್ಲರಿಗೆ ಹಾಕಿದೆ."

"ಯಾಕೆ ಹಾಕಿದ್ರಿ? ಮೇನೇಜರ್ ಕೈಗೆ ಕೊಟ್ಟುಬಿಡಬೇಕಿತ್ತು. ನಿಮಗೆ ಅದು ರೂಢಿ ಇದೆಯಲ್ಲ."

"ನಿನ್ನ ಮೇಲಿನ ಕನಿಕರಕ್ಕೆ ಅಂದ್ಕೋಬೇಡ," ಎಂದ ಅವನು. "ನನ್ನ ಹೆಂಡತಿ ನನ್ನ ಮೋಟರಿಗೆ ಮರ ಸಿಕ್ಕಿಸಿದಳು ಅಂತ ಊರೆಲ್ಲ ಆಡ್ಕೊಳ್ಳೋದು ಬೇಡ ಅಂತ ಹಾಕಿದೆ. ಕೈ ಹಾಕಬೇಡ ಅಂತ ಹೇಳಿ ಕಳಿಸಿದ್ದೆ. ಕೇಳಿದ್ಯಾ?"

"ಕೈ ಮುರೀತೀನಿ ಅಂತ ಹೇಳಿ ಕಳಿಸಿದ್ರಿ."

ಇಬ್ಬರೂ ಮುದುಕಿಯ ಕಡೆ ತಿರುಗಿದರು. ನನಗೆ ಕೇಳಿಸಿದ್ದನ್ನು ನಾನು ಹೇಳಿದೆ, ನಿಮ್ಮ ಗಂಡ ಹೆಂಡಿರ ಜಗಳದಲ್ಲಿ ನನ್ನ ಕಿವಿ ಬೈಯಬೇಡಿ ಎಂದು ಮುದುಕಿ ತನ್ನ ತಟ್ಟೆ ಎತ್ತಿಕೊಂಡು ಹೊರಗಿನ ಕೋಣೆಗೆ ಹೋದಳು.

ಆಮೇಲೆ ಹೆಂಡತಿ ಕಾರಣ ಹೇಳಿದಳು. ಬೆಳಿಗ್ಗೆ ನಿಂತರೆ ಊಟದ ಗಂಟೆಯವರೆಗೆ ನಿಂತೇ ಇರಬೇಕು. ಒಬ್ಬೊಬ್ಬರ ಕಾಲೂ ಪಾಳಿ ಮುಗಿಯುವಷ್ಟರಲ್ಲಿ ಊದಿ ಚಪ್ಪಲಿಗೆ ಹಿಡಿಸುವುದಿಲ್ಲ. ನಡುವೆ ಹತ್ತು ನಿಮಿಷ ಕೂರಲು ಬಿಡಿ ಎಂದು ಎಲ್ಲರೂ ಹೋಗಿ ಕೇಳಿದ್ದರು. ಬೆಲ್ಟು ಯಾರಿಗೂ ಕಾಯುವುದಿಲ್ಲ ಎಂದು ಮೇನೇಜರ್ ಬಾಗಿಲು ತೋರಿಸಿದ್ದ. ಅದಕ್ಕೇ ಬೆಲ್ಟನ್ನು ಕಾಯಿಸಿದೆ ಎಂದಳು. ಮರ ಒತ್ತುವುದು ಅವಳೊಬ್ಬಳ ಕೆಲಸ, ಉಳಿದವರಿಗೆ ಗೊತ್ತಿಲ್ಲ. ಬ್ರೇಕರ್ ತಾನೇ ಬೀಳುತ್ತಿದೆ ಎಂದು ಅವರು ನಂಬಿದ್ದರು.

"ನನ್ನ ಹತ್ರ ಒಂದು ಮಾತು ಹೇಳಬಹುದಿತ್ತು," ಎಂದ ಅವನು.

"ಹೇಳಿದ್ರೆ ಏನು ಮಾಡ್ತಿದ್ರಿ? ಹಗ್ಗ ಸರಿಯಾಗಿದೆ ಅಂತಿದ್ರಿ."

"ಹಗ್ಗ ಸರಿಯಾಗೇ ಇತ್ತು."

"ನೀವು ಎಳೆದಾಗ," ಎಂದಳು ಅವಳು.

ಅವನು ತಟ್ಟೆ ತಳ್ಳಿ ಎದ್ದು ಹೋದ. ಬೀದಿಯ ಕೊನೆಯವರೆಗೆ ಹೋಗಿ, ತಿರುಗಿ ಬಂದು, ಮತ್ತೆ ಹೋದ. ಅವಳಿಗೆ ಕೊಡಬೇಕಾದ ಉತ್ತರಗಳು ಒಂದರ ಮೇಲೊಂದು ಹೊಳೆದವು. ಯಾವುದನ್ನು ತಿರುವಿ ನೋಡಿದರೂ ಆ ಎರಡು ಶಬ್ದದ ಎದುರಿಗೆ ಅದು ನಿಲ್ಲಲಿಲ್ಲ.

ಮೋಟರು ಸುತ್ತಿ ಬಂದ ದಿನ ಮಾಲೀಕರ ಕಡೆಯ ಮನುಷ್ಯನೊಬ್ಬ ಬಂದು ವಿಚಾರಣೆಗೆ ಕೂತ. ಸುರುಳಿ ಎಲ್ಲ ಕಡೆ ಒಂದೇ ಸಮ ಕಪ್ಪಾಗಿತ್ತು, ಬಹಳ ಹೊತ್ತು ಭಾರ ಎಳೆದಿರುವುದೇ ಕಾರಣ ಎಂದು ಸುತ್ತುವವನು ಹೇಳಿ ಕಳಿಸಿದ್ದ. ಯಾರನ್ನೂ ಕೇಳದೆ ಇವನೇ ದೊಡ್ಡ ಬ್ರೇಕರ್ ಹಾಕಿದ ಎಂದ ಮೇನೇಜರ್. ಹಾಕು ಅಂದವರು ನೀವೇ ಎಂದು ಇವನು ಮುಖಕ್ಕೆ ಹೊಡೆದ ಹಾಗೆ ಅಂದ. ನಾನು ಅಂದೇ ಇಲ್ಲ ಎಂದು ಮೇನೇಜರ್ ಕೈ ತೊಳೆದುಕೊಂಡ. ಮಾಲೀಕರ ಮನುಷ್ಯನಿಗೆ ಇವರ ಹಾವು ಮುಂಗುಸಿ ಆಟ ಬೇಕಿರಲಿಲ್ಲ. ಸಣ್ಣ ಬ್ರೇಕರೇ ಹಾಕಿ ಓಡಿಸಿದರೆ ಮತ್ತೆ ಬೀಳುತ್ತದೆಯೋ ಇಲ್ಲವೋ, ಅಷ್ಟು ಹೇಳಿ ಎಂದ.

ಬೀಳುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆ ಮೋಟರು ಇಡೀ ದಿನ ಬಿಡದೆ ಓಡಿದರೂ ಕೈ ಇಟ್ಟರೆ ಬೆಚ್ಚಗಿರುತ್ತಿತ್ತು, ಅಷ್ಟೇ.

"ಬೀಳುತ್ತೆ," ಎಂದ ಅವನು. "ಹೊಸ ಸುರುಳಿ, ಆದರೆ ಮೈ ಹಳೇದು. ಒಂದೇ ಉಸಿರಿಗೆ ಓಡಿಸಿದ್ರೆ ಬಿಸಿ ಇಳಿಯೋಕೆ ಸಮಯ ಸಿಗಲ್ಲ. ಊಟದ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ನಿಲ್ಲಿಸಿ ತಣಿಸಬೇಕು. ಇಲ್ಲಾಂದ್ರೆ ಇನ್ನೊಂದು ಸಲ ಸುಡುತ್ತೆ. ಆಗ ನನ್ನ ಕೇಳಬೇಡಿ."

ಮಧ್ಯಾಹ್ನದ ಪಾಳಿಯಲ್ಲಿ ಯಾಕೆ ಬೀಳುತ್ತಿರಲಿಲ್ಲ ಎಂದು ಆ ಮನುಷ್ಯ ಕೇಳಿದ. ಬೆಳಿಗ್ಗೆ ಸಾಬೂನು ಹಸಿ ಇರುತ್ತೆ ಸಾರ್, ತೂಕ ಜಾಸ್ತಿ ಎಂದ ಇವನು. ಬಾಯಿಂದ ಬಿದ್ದ ಮೇಲೆ ಅವನಿಗೇ ಕಿವಿ ಬಿಸಿಯಾಯಿತು. ಇಷ್ಟು ಪೆದ್ದು ಸುಳ್ಳು ಅವನು ಹಿಂದೆಂದೂ ಹೇಳಿರಲಿಲ್ಲ. ಆದರೆ ಮಾಲೀಕರ ಮನುಷ್ಯ ತಲೆದೂಗಿದ. ಮೇನೇಜರ್ ತನಗೆ ಅದು ಮೊದಲೇ ಗೊತ್ತಿತ್ತೆಂಬಂತೆ ಇನ್ನೂ ಜೋರಾಗಿ ತಲೆದೂಗಿದ. ಎಷ್ಟು ಹೊತ್ತು ತಣಿಸಬೇಕು ಎಂಬುದಕ್ಕೆ ತರಕಾರಿ ಅಂಗಡಿಯ ಹಾಗೆ ಚೌಕಾಸಿ ನಡೆದು, ಕಾಲು ಗಂಟೆಗೆ ಕುದುರಿತು. ಮಧ್ಯಾಹ್ನದ ಪಾಳಿಗೂ ಅದೇ ಇರಲಿ, ಮೋಟರು ಒಂದೇ ತಾನೇ ಎಂದ ಆ ಮನುಷ್ಯ.

ಮೋಟರು ತಣಿಸುವ ಸಮಯ ಎಂದು ಬರೆದ ಕಾಗದವೊಂದು ಪ್ಯಾನೆಲ್ ಬಾಗಿಲಿಗೆ ಅಂಟಿತು. ಮೊದಲ ದಿನ ಬೆಲ್ಟನ್ನು ಕಂಪನಿಯವರೇ ನಿಲ್ಲಿಸಿದಾಗ ಹೆಂಗಸರಿಗೆ ನಂಬಿಕೆಯೇ ಬರಲಿಲ್ಲ. ಆಮೇಲೆ ಒಬ್ಬೊಬ್ಬರೇ ಪೆಟ್ಟಿಗೆ ಮಗುಚಿ ಹಾಕಿ ಕೂತರು. ಕಂಪನಿಗೆ ನಮ್ಮ ಕಾಲಿನ ಮೇಲೆ ಇಲ್ಲದ ಮರುಕ ಈ ಕಬ್ಬಿಣದ ಮೇಲೆ ಬಂತಲ್ಲ, ಮೋಟರಾಗಿಯೇ ಹುಟ್ಟಬೇಕಿತ್ತು ಎಂದು ಅವರಲ್ಲಿ ಹಿರಿಯಳು ಅಂದದ್ದಕ್ಕೆ ಎಲ್ಲರೂ ನಕ್ಕರಂತೆ. ಇದರಲ್ಲಿ ಎಲೆಕ್ಟ್ರಿಷಿಯನ್‌ನ ಕೈ ಇದೆಯೆಂದು ಯಾರಿಗೂ ಹೊಳೆಯಲಿಲ್ಲ. ಅವನೇ ಸುಟ್ಟದ್ದು, ಅವನಿಂದಲೇ ಅಷ್ಟು ದಿನದ ಕೂಲಿ ಹೋದದ್ದು ಎಂಬುದೊಂದೇ ಅವರಿಗೆ ಗೊತ್ತಿದ್ದದ್ದು. ಹೆಂಡತಿಗೆ ಎಲ್ಲವೂ ಗೊತ್ತಿತ್ತು. ಅವಳೂ ತಿದ್ದಲು ಹೋಗಲಿಲ್ಲ.

ಮನೆಯಲ್ಲಿ ಅವಳು ಈ ವಿಷಯ ಎತ್ತಿದ್ದು ಒಂದೇ ಸಲ. ಅವನು ಹೊಗಳಿಕೆ ಕೇಳಿಸಿಕೊಳ್ಳುವವನ ಹಾಗೆ ಮುಖ ಮಾಡಿಕೊಂಡು ಕೂತಿದ್ದನೇನೋ.

"ಕೇಳಿದವರು ನಾವು, ಸಿಕ್ಕಿದ್ದು ಮೋಟರಿಗೆ," ಎಂದಳು ಅವಳು. "ಅದಕ್ಕೆ ನಾನು ನಿಮಗೆ ಕೈ ಮುಗೀಬೇಕಾ?"

"ಯಾರು ಮುಗಿ ಅಂದ್ರು? ದಿನಾ ಬಂದು ಆ ಬ್ರೇಕರ್ ಎತ್ತಿ ಎತ್ತಿ ನನಗೆ ಸಾಕಾಗಿತ್ತು."

"ಹಾಗಾದ್ರೆ ಸರಿ," ಎಂದು ಅವಳು ಒಳಗೆ ಹೋದಳು.

ಮೇನೇಜರ್ ಅವನನ್ನು ಸುಮ್ಮನೆ ಬಿಡಲಿಲ್ಲ. ಮಾಲೀಕರ ಮನುಷ್ಯನ ಎದುರಿಗೆ ತನ್ನನ್ನು ಸುಳ್ಳುಗಾರನೆಂದು ಹೇಳಿದ್ದು ಅವನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ವಾರದೊಳಗೆ ಇವನನ್ನು ಕಾರ್ಖಾನೆಯ ಹಿಂಬದಿಯ ಪಂಪಿನ ಮನೆಗೆ ಹಾಕಿದರು. ಕಿಟಕಿಯಿಲ್ಲದ ಕೋಣೆ, ಹಗಲೆಲ್ಲ ಪಂಪುಗಳ ಗದ್ದಲ, ನೆಲ ಯಾವಾಗಲೂ ಒದ್ದೆ. ಬೆಲ್ಟಿನ ಪ್ಯಾನೆಲ್ ಬೇರೆಯವನ ಕೈಗೆ ಹೋಯಿತು. ಮೊದಲ ವಾರವೇ ಆ ಹೊಸಬ ಇವನನ್ನು ಹುಡುಕಿಕೊಂಡು ಬಂದು, ಮೋಟರು ಬಿಸಿಯೇ ಆಗುವುದಿಲ್ಲವಲ್ಲ, ಅದನ್ನು ಯಾಕೆ ನಿಲ್ಲಿಸಬೇಕು ಎಂದು ಕೇಳಿದ. ನಿಲ್ಲಿಸುತ್ತಿರುವುದರಿಂದಲೇ ಅದು ಬಿಸಿಯಾಗುತ್ತಿಲ್ಲ, ಅಷ್ಟೂ ತಿಳಿಯದವನಿಗೆ ಪ್ಯಾನೆಲ್ ಕೊಟ್ಟವರು ಯಾರು ಎಂದು ಇವನು ಅವನ ಮೇಲೆ ಹರಿಹಾಯ್ದ. ಹೊಸಬ ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಪಂಪಿನ ಮನೆಗೆ ಹೋಗುವ ದಾರಿ ಪ್ಯಾಕಿಂಗ್ ವಿಭಾಗದ ಮೂಲಕವೇ. ಒಮ್ಮೆ ಅವನು ಸಾಮಾನಿನ ಚೀಲ ಹೊತ್ತು ಬರುವಾಗ ಬೆಲ್ಟು ನಿಂತಿತ್ತು. ಹೆಂಗಸರು ಸಾಲಾಗಿ ಕೂತು ಕಾಲು ಚಾಚಿದ್ದರು. ಹಾದು ಹೋಗಲು ಅವರು ಕಾಲು ಮಡಚಿಕೊಳ್ಳಬೇಕಿತ್ತು, ಒಬ್ಬಳೂ ಮಡಚಿಕೊಳ್ಳಲಿಲ್ಲ. ಹೆಂಡತಿ ಸಾಲಿನ ಕೊನೆಯಲ್ಲಿ ಕೂತು ಪಾದ ಒತ್ತಿಕೊಳ್ಳುತ್ತಿದ್ದಳು. ತಲೆಯೆತ್ತಿ ಅವನನ್ನು ನೋಡಿ, ಮತ್ತೆ ಪಾದದ ಕಡೆ ಬಗ್ಗಿದಳು. ಅವನು ಗೊಣಗುತ್ತ, ಅಷ್ಟೂ ಕಾಲುಗಳನ್ನು ಒಂದೊಂದಾಗಿ ದಾಟಿಕೊಂಡು, ಹಿಂದಿನ ಬಾಗಿಲಿನಿಂದ ಹೊರಗೆ ಹೋದ. ಎರಡನೆಯ ಪಂಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಚೀಲ ಇಳಿಸಿ, ಸ್ಪ್ಯಾನರ್ ಹುಡುಕಲು ಶುರುಮಾಡಿದ.